ಹೊಸ ಹೋಮ್ ಥಿಯೇಟರ್‌ನಲ್ಲಿ ಹಳೇ ಸದ್ದು ಏಕೆ?

ಐವತ್ತು ಸಾವಿರ ಸುರಿದು, ಸ್ಪೀಕರುಗಳಿಗೆಲ್ಲ ಸದ್ದು ಹಂಚುವ ಎವಿ ರಿಸೀವರ್ ತರುತ್ತಾರೆ. ಟಿವಿಯಿಂದ ಹಳೇ ಆಪ್ಟಿಕಲ್ ವೈರನ್ನೇ ಅದಕ್ಕೆ ಸಿಕ್ಕಿಸುತ್ತಾರೆ. ಆಮೇಲೆ ‘ಅಂಥಾ ವ್ಯತ್ಯಾಸವೇನೂ ಕಾಣಲಿಲ್ಲ’ ಎಂದು ಗೊಣಗುತ್ತಾರೆ. ಕಾಣುವುದಾದರೂ ಹೇಗೆ? ಬ್ಲೂ-ರೇ ಡಿಸ್ಕಿನ ಮೂಲ ಧ್ವನಿಯನ್ನು ಏನೂ ಕಳೆಯದೆ ಕೊಡುವ ಡಾಲ್ಬಿ ಟ್ರೂಎಚ್‌ಡಿಯಾಗಲಿ ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊ ಆಗಲಿ ಆ ವೈರಿನಲ್ಲಿ ಹೋಗುವುದೇ ಇಲ್ಲ. ಡಿವಿಡಿಯ ಡಾಲ್ಬಿ ಡಿಜಿಟಲ್‌ಗೆ ಸೆಕೆಂಡಿಗೆ 448 ಕಿಲೊಬಿಟ್ ಮಿತಿ. ಟ್ರೂಎಚ್‌ಡಿ 18 ಮೆಗಾಬಿಟ್‌ವರೆಗೂ ಹೋಗಬಲ್ಲದು.

ಮೊದಲು ನೀವು ನೋಡುವುದೇನು ಎಂದು ಯೋಚಿಸಿ. ಬರೀ ಒಟಿಟಿ ಆದರೆ ಬರುವುದು ಹೆಚ್ಚೆಂದರೆ ಡಾಲ್ಬಿ ಡಿಜಿಟಲ್ ಪ್ಲಸ್. ಅದಕ್ಕೆ ಟಿವಿಯ ಸದ್ದನ್ನು ರಿಸೀವರಿಗೆ ವಾಪಸ್ ಕಳಿಸುವ ಎಆರ್‌ಸಿ ಎಚ್‌ಡಿಎಂಐ ಕಿಂಡಿ ಸಾಕು, ದುಡ್ಡು ಉಳಿಸಿ. ಮುಂದಿನ ಮಾತೆಲ್ಲ ಬ್ಲೂ-ರೇ ಡಿಸ್ಕ್ ಇಟ್ಟುಕೊಂಡವರಿಗೆ.

ಅಂಗಡಿಯಲ್ಲಿ ‘ಪಿಎಂಪಿಒ’ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಲೆಕ್ಕದಲ್ಲಿ ಸಾವಿರಾರು ವಾಟ್ ಹೇಳುವ ಪೆಟ್ಟಿಗೆಯತ್ತ ತಿರುಗಿಯೂ ನೋಡಬೇಡಿ. ಹಿಂಬದಿಯಲ್ಲಿ ಆಕ್ಸ್ ತೂತು ಮಾತ್ರ ಇರುವ 5.1 ಸೆಟ್‌ಗಳೂ ಅಷ್ಟೇ: ಒಳಗೆ ಹೋಗುವುದು ಸ್ಟೀರಿಯೊ, ಅದನ್ನೇ ಐದು ಸ್ಪೀಕರಿಗೆ ಹಂಚಿ ಕೂಗಿಸುತ್ತವೆ.

ಈಗ ಜೋಡಣೆ. ಹೆಚ್ಚಿನವರು ಎಡವುವುದು ಇಲ್ಲೇ. ಪ್ಲೇಯರಿನ ಎಚ್‌ಡಿಎಂಐ ಕೇಬಲ್ಲನ್ನು ಟಿವಿಗೆ ಹಾಕಬೇಡಿ, ನೇರ ರಿಸೀವರಿಗೆ ಹಾಕಿ. ರಿಸೀವರಿನಿಂದ ಇನ್ನೊಂದು ಕೇಬಲ್ ಟಿವಿಗೆ. ಹೀಗೆ ಮಾಡಿದರೆ ಟಿವಿಯಲ್ಲಿ ಎಆರ್‌ಸಿಯ ಸುಧಾರಿತ ರೂಪವಾದ ಇಎಆರ್‌ಸಿ ಇಲ್ಲದಿದ್ದರೂ ನಷ್ಟವಿಲ್ಲ. ಟಿವಿ ಮೂಲಕವೇ ಹಾಯಿಸುತ್ತೇನೆಂದರೆ ಟಿವಿ, ರಿಸೀವರ್ ಎರಡರಲ್ಲೂ ಇಎಆರ್‌ಸಿ ಬೇಕು. ಬರೀ ಎಆರ್‌ಸಿಯಲ್ಲಿ ಟ್ರೂಎಚ್‌ಡಿ ಹಾಯುವುದಿಲ್ಲ.

ಕೇಬಲ್ ಹಾಕಿದರೆ ಮುಗಿಯಲಿಲ್ಲ. ಪ್ಲೇಯರಿನ ಆಡಿಯೊ ಮೆನುಗೆ ಹೋಗಿ ‘ಬಿಟ್‌ಸ್ಟ್ರೀಮ್’ ಆರಿಸಿ, ಅಂದರೆ ಡಿಸ್ಕಿನ ಧ್ವನಿ ಬಿಡಿಸದೆ ಹಾಗೇ ರಿಸೀವರಿಗೆ ಹೋಗುತ್ತದೆ. ಅದೇ ಮೆನುವಿನಲ್ಲಿ ‘ಸೆಕೆಂಡರಿ ಆಡಿಯೊ’ ಅಥವಾ ‘ಬಿಡಿ ಆಡಿಯೊ ಮಿಕ್ಸ್’ ಎಂಬುದೊಂದು ಇರುತ್ತದೆ, ಅದನ್ನು ಆಫ್ ಮಾಡಿ. ಮೆನು ಒತ್ತಿದಾಗಿನ ಟಿಕ್ ಶಬ್ದ, ನಿರ್ದೇಶಕರ ವ್ಯಾಖ್ಯಾನ ಇವನ್ನು ಚಿತ್ರದ ಧ್ವನಿಗೆ ಬೆರೆಸುವ ಸೌಲಭ್ಯ ಅದು. ಆನ್ ಇದ್ದರೆ ಪ್ಲೇಯರು ಎಲ್ಲವನ್ನೂ ಕಲೆಸಿ ಮಾಮೂಲಿ ಡಾಲ್ಬಿ ಅಥವಾ ಡಿಟಿಎಸ್ ಆಗಿ ಕಳಿಸಿಬಿಡುತ್ತದೆ. ದೊಡ್ಡ, ಸಣ್ಣ ಸದ್ದಿನ ಅಂತರ ಕುಗ್ಗಿಸುವ ‘ನೈಟ್ ಮೋಡ್’ ಕೂಡ ಆಫ್. ಬಳಿಕ ಡಿಸ್ಕ್ ಹಾಕಿ, ಡಿಸ್ಕಿನ ಮೆನುವಿನಲ್ಲೂ ಎಚ್‌ಡಿ ಟ್ರ್ಯಾಕನ್ನೇ ಆರಿಸಿ, ರಿಸೀವರಿನ ಮುಂಭಾಗದ ಡಿಸ್‌ಪ್ಲೇ ನೋಡಿ. ‘ಟ್ರೂಎಚ್‌ಡಿ’ ಅಥವಾ ‘ಡಿಟಿಎಸ್-ಎಚ್‌ಡಿ’ ಎಂದು ಬರಬೇಕು. ‘ಡಾಲ್ಬಿ ಡಿಜಿಟಲ್’ ಅಂತಲೇ ಬಂದರೆ ಮತ್ತೆ ಮೆನುಗೆ.

ಹಳೇ ರಿಸೀವರನ್ನು ಗುಜರಿಗೆ ಹಾಕುವ ಮುನ್ನ ಒಂದು ಉಪಾಯ. ಅದಕ್ಕೆ ಟ್ರೂಎಚ್‌ಡಿ ಗೊತ್ತಿಲ್ಲದಿದ್ದರೂ ಎಚ್‌ಡಿಎಂಐನಲ್ಲಿ ಮಲ್ಟಿಚಾನೆಲ್ ಪಿಸಿಎಂ (ಬಿಡಿಸಿಟ್ಟ ಬಹುಚಾನೆಲ್ ಧ್ವನಿ) ತೆಗೆದುಕೊಳ್ಳುವಂತಿದ್ದರೆ, ಪ್ಲೇಯರಿನಲ್ಲಿ ‘ಪಿಸಿಎಂ’ ಹಾಕಿ. ಬಿಡಿಸುವ ಕೆಲಸ ಪ್ಲೇಯರೇ ಮಾಡುತ್ತದೆ. ಡಿಸ್‌ಪ್ಲೇಯಲ್ಲಿ ಟ್ರೂಎಚ್‌ಡಿ ಎಂದು ಬರದಿದ್ದರೂ ಧ್ವನಿ ಅದೇ ಗುಣಮಟ್ಟದ್ದು. ಕೈತಪ್ಪುವುದು ಅಟ್ಮಾಸ್‌ನ ತಲೆ ಮೇಲಿನ ಸದ್ದು ಮಾತ್ರ. ಅದು ಬೇಕೇ ಬೇಕೆಂದು ಛಾವಣಿಗೆ ಸದ್ದು ಬಡಿದು ಕೆಳಗಿಳಿಸುವ ಸ್ಪೀಕರ್ ತರುವವರು ಮೊದಲು ತಲೆಯೆತ್ತಿ ನೋಡಲಿ. ಮಟ್ಟಸ ಆರ್‌ಸಿಸಿ ಆದರೆ ಸರಿ, ಇಳಿಜಾರು ಹೆಂಚಿನ ಮಾಡಿನಲ್ಲಿ ಅದು ದಂಡ.

ಸ್ಪೀಕರ್ ಜಾಗ ಸುಲಭ: ಸರೌಂಡ್ ಎರಡೂ ಕೂರುವವರ ಪಕ್ಕಕ್ಕಿಂತ ತುಸು ಹಿಂದೆ, ನೇರ ಮುಂದಿನಿಂದ ಅಳೆದರೆ 110 ಡಿಗ್ರಿಯ ಆಸುಪಾಸು. ವೈರಿನ ಪ್ಲಸ್, ಮೈನಸ್ ಅದಲುಬದಲಾಗದಿರಲಿ.

ಕೊನೆಗೆ ರಿಸೀವರ್ ಜತೆ ಬಂದ ಮೈಕನ್ನು ನಿಮ್ಮ ಕಿವಿಯ ಎತ್ತರಕ್ಕೆ ಇಟ್ಟು ಆಟೊ ಸೆಟಪ್ ಓಡಿಸಿ. ಫ್ಯಾನ್ ಆಫ್ ಮಾಡಿ, ಕುಕ್ಕರ್ ಕೂಗುವ ಹೊತ್ತು ಬೇಡ. ಅದು ಕೊಟ್ಟ ಲೆಕ್ಕವನ್ನು ಕಣ್ಣುಮುಚ್ಚಿ ನಂಬಬೇಡಿ. ಮುಂದಿನ ಸ್ಪೀಕರುಗಳನ್ನು ‘ಲಾರ್ಜ್’ ಎಂದು ಬರೆದುಕೊಂಡಿದ್ದರೆ ‘ಸ್ಮಾಲ್’ಗೆ ಇಳಿಸಿ, ಯಾವ ಮಟ್ಟಕ್ಕಿಂತ ಕೆಳಗಿನ ಸದ್ದು ಸಬ್‌ವೂಫರಿಗೆ ಹೋಗಬೇಕೆಂದು ಹೇಳುವ ಕ್ರಾಸ್‌ಓವರ್ 80 ಹರ್ಟ್ಜ್‌ಗೆ ಇಡಿ. ಸಬ್‌ವೂಫರ್ ಬೆನ್ನಲ್ಲಿರುವ ಕ್ರಾಸ್‌ಓವರ್ ತಿರುಪನ್ನು ಪೂರ್ತಿ ಬಲಕ್ಕೆ ತಿರುಗಿಸಿಟ್ಟು ಮತ್ತೆ ಮುಟ್ಟಬೇಡಿ. ಆ ಕೆಲಸ ಈಗ ರಿಸೀವರಿನದು.