ಗೀಜಗದ ಹೆಣ್ಣು ಮನೆ ನೋಡಲು ಬಂದಾಗ

ಪಾಂಡವಪುರದ ಹತ್ತಿರ ನಮ್ಮ ಅತ್ತೆಯ ಜಮೀನಿನಲ್ಲಿ ಹಳೇ ಬಾವಿಯೊಂದಿದೆ. ಅದರ ಮೇಲೆ ಈಚಲು ಮರವೊಂದು ಬಾಗಿದೆ. ಮುಂಗಾರು ಹಿಡಿದರೆ ಅಲ್ಲಿ ಗೀಜಗಗಳದ್ದೇ ಗಲಾಟೆ. ಮೊದಲ ಎರಡು ವರ್ಷ ನಾನು ಬರೀ ಗೂಡು ನೋಡಿದೆ. ನೋಡಬೇಕಾದ್ದು ಹೆಣ್ಣನ್ನು ಅಂತ ಆಮೇಲೆ ಗೊತ್ತಾಯಿತು.

ನೀವೂ ನೋಡಬೇಕೆಂದರೆ ಮಳೆಗಾಲದಲ್ಲಿ ನೀರಿನ ಮೇಲೆ ಬಾಗಿದ ಈಚಲು, ತೆಂಗು, ಇಲ್ಲವೇ ಮುಳ್ಳು ಜಾಲಿ ಹುಡುಕಿ. ನೈಋತ್ಯದ ಮಳೆಗಾಳಿಗೆ ಮರೆಯಾಗಿ, ಗೂಡುಗಳು ಸಾಮಾನ್ಯವಾಗಿ ಮರದ ಪೂರ್ವಕ್ಕೇ ಇರುತ್ತವೆ. ಹಾಗಾಗಿ ಬೆಳಗ್ಗೆ ಮರದ ಪೂರ್ವಕ್ಕೆ ಕೂತರೆ ಬಿಸಿಲು ನಿಮ್ಮ ಬೆನ್ನಿಗೆ, ಗೂಡು ಕಣ್ಣೆದುರಿಗೆ. ಒಂದು ಮೂವತ್ತು ಹೆಜ್ಜೆ ದೂರವಿರಲಿ. ನಾನು ಮೊದಲ ದಿನ ಸೀದಾ ಬುಡಕ್ಕೇ ಹೋಗಿ ನಿಂತೆ. ಇಡೀ ಗುಂಪು ಕಬ್ಬಿನೊಳಗೆ ಮಾಯ!

ತಲೆ ಹಳದಿ, ಮುಖ ಕಪ್ಪಗಿದ್ದರೆ ಗಂಡು. ಹೆಣ್ಣು ಸಾದಾ ಕಂದು, ಥೇಟ್ ಗುಬ್ಬಚ್ಚಿ. ನೇಯುವುದೆಲ್ಲ ಗಂಡೇ. ಭತ್ತದ ಗರಿ, ಹುಲ್ಲು, ತೆಂಗಿನ ಗರಿಯಿಂದ ಉದ್ದುದ್ದ ಎಳೆ ಸೀಳಿ ತರುತ್ತದೆ.

ಆದರೆ ಉದ್ದ ಕೊಳವೆ ಇಳಿಬಿದ್ದ ಪೂರ್ತಿ ಗೂಡನ್ನು ನೋಡುತ್ತ ಕೂರಬೇಡಿ. ಅಲ್ಲಿ ಮಾತುಕತೆ ಮುಗಿದುಹೋಗಿದೆ. ಅರ್ಧ ಗೂಡು ಹುಡುಕಿ: ಹೆಲ್ಮೆಟ್ ತೂಗುಹಾಕಿದ ಹಾಗೆ, ಕೆಳಗೆ ತೆರೆದಿರುತ್ತದೆ, ನಡುವೆ ಒಂದು ಅಡ್ಡಪಟ್ಟಿ. ಇಷ್ಟಾಗಲು ಗಂಡಿಗೆ ಸುಮಾರು ಎಂಟು ದಿನ ಬೇಕು. ಒಳಗೆ ಹಸಿ ಮಣ್ಣನ್ನೂ ಮೆತ್ತುತ್ತದೆ. ಆಮೇಲೆ ಕೆಲಸ ನಿಲ್ಲಿಸಿ ಕಾಯುತ್ತದೆ.

ಹೆಣ್ಣು ಬಂತೋ, ಎಲ್ಲ ಗಂಡುಗಳೂ ತಮ್ಮ ತಮ್ಮ ಗೂಡಿಗೆ ಜೋತುಬಿದ್ದು ರೆಕ್ಕೆ ಬಡಿದು ಕಿರುಚುತ್ತವೆ. ಅದು ಸಾವಕಾಶವಾಗಿ ಒಂದರೊಳಗೆ ಹೋಗುತ್ತದೆ, ಎಳೆ ಜಗ್ಗುತ್ತದೆ, ಹೊರಗೆ ಬಂದು ಪಕ್ಕದ್ದಕ್ಕೆ ಹಾರುತ್ತದೆ. ಅತ್ತೆಗೆ ಇದನ್ನು ತೋರಿಸಿದೆ. "ಇದು ನಮ್ ಕಡೆ ಗಂಡಿನ್ ಮನೆ ನೋಡಾಕೆ ಹೋದಂಗೇ ಅಲ್ವೇನವ್ವ" ಅಂದರು. ಹೆಣ್ಣು ಸಿಗಲಿ ಅಂತ ನಮ್ಮ ಮಂಡ್ಯದ ಹುಡುಗರು 2023ರಲ್ಲಿ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋಗಿದ್ದರಲ್ಲ, ಅವರು ಈ ಗಂಡುಗಳ ಕಷ್ಟ ಚೆನ್ನಾಗಿ ಬಲ್ಲರು.

ನೋಟ್‌ಬುಕ್ಕಿನಲ್ಲಿ ಮರ ಬರೆದು ಗೂಡಿಗೆ ನಂಬರ್ ಕೊಡಿ. ದಿನ ಬಿಟ್ಟು ದಿನ ಅರ್ಧ ಗಂಟೆ ಸಾಕು. ಅರ್ಧ ಗೂಡು ಹಾಗೇ ಒಣಗಿ ಕಂದಾದರೆ ಯಾವ ಹೆಣ್ಣೂ ಒಪ್ಪಿಲ್ಲ ಅನ್ನಿ. ಹಸಿರು ಎಳೆಯ ಕೊಳವೆ ಇಳಿಯುತ್ತಿದ್ದರೆ ಒಪ್ಪಿಗೆ ಆಗಿದೆ. ಕೊಳವೆ ಮುಗಿಯುತ್ತಲೇ ಆ ಗಂಡನ್ನು ಹಿಂಬಾಲಿಸಿ: ಪಕ್ಕದಲ್ಲೇ ಇನ್ನೊಂದು ಅರ್ಧ ಗೂಡು ಶುರು, ಇನ್ನೊಂದು ಹೆಣ್ಣಿಗಾಗಿ! ಕಾವು, ಮರಿ ಎಲ್ಲ ಹೆಚ್ಚುಕಮ್ಮಿ ಹೆಣ್ಣಿನ ತಲೆಗೇ.

ಹೋದ ವರ್ಷ ಹನ್ನೊಂದು ಗೂಡಿದ್ದವು. ಏಳನೆಯದು ನನ್ನ ಕಣ್ಣಿಗೆ ಎಲ್ಲಕ್ಕಿಂತ ಚೆಂದದ್ದು. ಆದರೆ ತೀರಾ ಕೆಳಗಿನ ಸೋತ ಗರಿಗೆ ಕಟ್ಟಿತ್ತು. ಒಂದು ಹೆಣ್ಣೂ ನಿಲ್ಲಲಿಲ್ಲ. ಹೆಣೆತಕ್ಕಿಂತ ಜಾಗಕ್ಕೇ ಹೆಣ್ಣು ಜಾಸ್ತಿ ಬೆಲೆ ಕೊಡುತ್ತದೆ ಅಂತ ಅಧ್ಯಯನ ಮಾಡಿದವರೂ ಹೇಳುತ್ತಾರೆ. ಎತ್ತರ, ಮುಳ್ಳು, ಗಟ್ಟಿ ಕೊಂಬೆ. ಹಾವು ಹತ್ತದಿದ್ದರೆ ತಾನೇ ಮರಿ ಉಳಿಯುವುದು?

ಇದೇ ಮಳೆಗಾಲದಲ್ಲಿ ತಾವರೆ ಇರುವ ಕೆರೆಗೂ ಹೋಗಿ ಬನ್ನಿ. ಎಲೆ ಮೇಲೆ ನಡೆಯುವ ಜಕಾನ ಹಕ್ಕಿಯಲ್ಲಿ ಎಲ್ಲ ಉಲ್ಟಾ. ಹೆಣ್ಣು ದೊಡ್ಡದು, ಅದಕ್ಕೆ ಗಂಡುಗಳು ಹಲವು. ಕಾವು ಕೂರುವುದು ಗಂಡು.

ತೂಗುವ ಗೂಡನ್ನು ಶೋಕೇಸಿಗೆಂದು ಕೀಳಬೇಡಿ. ಒಳಗೆ ಮರಿ ಇರಬಹುದು. ಗಾಳಿಗೆ ಬಿದ್ದದ್ದು ಬೇಕಾದಷ್ಟು ಸಿಗುತ್ತವೆ.

ನಾನೀಗ ವಾರದ ದಿನ ಮಂಡ್ಯದಲ್ಲೇ ಇರುತ್ತೇನೆ. ಬೆಳಗ್ಗೆ ಆರೂವರೆಗೆ ಅತ್ತೆಯೇ ಫೋನ್ ಮಾಡುತ್ತಾರೆ: "ನಾಕ್ನೇದುಕ್ಕೆ ಹೆಣ್ ಒಪ್ಕತು ಕಣವ್ವ, ಬರ್ಕೋ."