ಊರಿಗೆ ಹೊರಟಾಗ ಒಯ್ಯುವ ರಿಪೇರಿ ಡಬ್ಬಿ

ತಿಂಗಳಿಗೆ ಎರಡು ಸಲ ಕಲಬುರಗಿಯಿಂದ ಆಳಂದ ಕಡೆಯ ನಮ್ಮ ಊರಿಗೆ ಹೋಗುತ್ತೇನೆ. ಬಸ್ಸಿಳಿದು ಮನೆ ಮುಟ್ಟುವಷ್ಟರಲ್ಲಿ ಯಾರಾದರೂ ಕೂಗುತ್ತಾರೆ: "ತಮ್ಮಾ, ಸ್ಪ್ರೇ ಪಂಪ್ ಬಂದ್ ಬಿದ್ದದ, ಸ್ವಲ್ಪ ನೋಡು." ತೊಗರಿ ಹೂ ಬಿಟ್ಟಾಗ ಕಾಯಿಕೊರಕಕ್ಕೆ ಔಷಧ ಹೊಡೆಯಲೇಬೇಕು. ಪಂಪ್ ಸಿಟಿಗೆ ಹೋಗಿ ಬರುವವರೆಗೆ ಹುಳ ಕಾಯುವುದಿಲ್ಲ. ಅದಕ್ಕೇ ಈ ಡಬ್ಬಿ ಮಾಡಿಕೊಂಡೆ.

ಡಬ್ಬಿ ಅಂದರೆ ಕ್ಲಿಪ್ ಇರುವ ಚಪ್ಪಟೆ ಸ್ಟೀಲ್ ಊಟದ ಡಬ್ಬಿ. ಬೆಸುಗೆ ಹಾಕುವ ಬಿಸಿ ಸೋಲ್ಡರಿಂಗ್ ಐರನ್ ತಾಗಿದರೂ ಕರಗುವುದಿಲ್ಲ, ಮುಚ್ಚಳದಲ್ಲಿ ಸ್ಕ್ರೂ ಹಾಕಿಟ್ಟುಕೊಳ್ಳಬಹುದು. ಒಮ್ಮೆ ಇದಕ್ಕೆ ಬಳಸಿದ ಮೇಲೆ ಅದರಲ್ಲಿ ಮತ್ತೆ ಊಟ ಕಟ್ಟಬೇಡಿ. ಬೆಸುಗೆ ತಂತಿಯಲ್ಲಿ ಸೀಸ ಇರುತ್ತದೆ. ಒಂದು ತುಂಡು ಸೋಪೂ ಜೊತೆಗಿರಲಿ.

ಜಾಸ್ತಿ ಯೋಚಿಸಿ ಕೊಳ್ಳಬೇಕಾದದ್ದು ಸೋಲ್ಡರಿಂಗ್ ಐರನ್. 25 ವ್ಯಾಟಿನ ಮಾಮೂಲಿ ಐರನ್‌ಗೆ 230 ವೋಲ್ಟ್ ಬೇಕು. ನಾವು ಕೆಲಸಕ್ಕೆ ಕೂತಾಗಲೇ ಕರೆಂಟ್ ಹೋಗಿರುತ್ತದೆ, ಅಲ್ವಾ? 12ರಿಂದ 24 ವೋಲ್ಟ್ ಡಿಸಿಯಲ್ಲಿ, ಅಂದರೆ ಬ್ಯಾಟರಿ ಕರೆಂಟಿನಲ್ಲಿ ಓಡುವ ಪೆನ್ನಿನಂಥ ಐರನ್ ತಗೊಳ್ಳಿ. ಇವುಗಳ ತುದಿಯ ರೆಸಿಸ್ಟೆನ್ಸ್ ಸುಮಾರು 8 ಓಮ್. 12 ವೋಲ್ಟ್ ಕೊಟ್ಟರೆ 18 ವ್ಯಾಟ್, 20 ಕೊಟ್ಟರೆ 50 ವ್ಯಾಟ್ ಬರುತ್ತದೆ. ಐರನ್ನಿಗೆ ಟೈಪ್-ಸಿ ಇದ್ದರೆ 20 ವೋಲ್ಟ್ ಕೊಡುವ ಪವರ್ ಬ್ಯಾಂಕ್ ಸಾಕು. 12 ವೋಲ್ಟಿನಲ್ಲಿ ಸೂಜಿಯಂಥ ತುದಿ ಬೇಡ, ಅದು ವೈರಿಗೆ ಶಾಖ ದಾಟಿಸುವುದಿಲ್ಲ. ಉಳಿ ಆಕಾರದ ಅಗಲ ತುದಿ ಹಾಕಿ.

60/40 (60 ಪಾಲು ತವರ, 40 ಪಾಲು ಸೀಸ) ಬೆಸುಗೆ ತಂತಿ ಎರಡು ಮೀಟರ್, ಹಳೇ ರಿಫಿಲ್‌ಗೆ ಸುತ್ತಿ. ಬೆಸುಗೆ ಚೆನ್ನಾಗಿ ಹಿಡಿಯಲು ಸವರುವ ಫ್ಲಕ್ಸ್, ಬ್ಲೇಡ್, ಚಿಕ್ಕ ಕಟರ್, ಎರಡು ಸ್ಕ್ರೂಡ್ರೈವರ್, ಕಾಯಿಸಿದರೆ ಕುಗ್ಗಿ ವೈರಿಗೆ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ, ಒಂದೆರಡು ಸ್ವಿಚ್ಚು. ಇವೆಲ್ಲ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುತ್ತವೆ.

ವೋಲ್ಟೇಜ್ ನೋಡುವ ಮಲ್ಟಿಮೀಟರ್, ವೈರು ತುಂಡಾಗಿಲ್ಲದಿದ್ದರೆ ಬೀಪ್ ಮಾಡುವಂಥದ್ದಿರಲಿ. ಅಗ್ಗದ ಮೀಟರ್‌ಗಳಲ್ಲಿ 10 ಆಂಪಿಯರ್ ತೂತಿಗೆ ಹೆಚ್ಚಾಗಿ ಒಳಗೆ ಫ್ಯೂಸ್ ಇರುವುದಿಲ್ಲ. ಒಂದು ಸಲ ಕೆಂಪು ಕಡ್ಡಿಯನ್ನು ಅದರಲ್ಲೇ ಬಿಟ್ಟು ಬ್ಯಾಟರಿಯ ವೋಲ್ಟೇಜ್ ನೋಡಲು ಹೋದೆ. ಕಿಡಿ ಹಾರಿ ಕಡ್ಡಿಯ ತುದಿಯೇ ಕರಗಿತು. ಪಕ್ಕದಲ್ಲಿ ಅಣ್ಣನ ಮಗ ಕೂತಿದ್ದ, ಇವತ್ತಿಗೂ ನೆನೆದರೆ ಎದೆ ಝಲ್ಲೆನ್ನುತ್ತದೆ. ಈಗ ಆ ತೂತಿಗೆ ಟೇಪ್ ಅಂಟಿಸಿದ್ದೇನೆ. ನೀವೂ ಅಂಟಿಸಿ.

ಇನ್ನೊಂದನ್ನು ಕೈಯಾರೆ ಮಾಡಿಕೊಳ್ಳಬೇಕು: ಒಂದು ಕಡೆ ಐರನ್ನಿನ ಡಿಸಿ ಪಿನ್, ಇನ್ನೊಂದು ಕಡೆ ಎರಡು ಮೊಸಳೆ ಕ್ಲಿಪ್, ಪ್ಲಸ್ ವೈರಿನ ನಡುವೆ 5 ಆಂಪಿಯರ್ ಫ್ಯೂಸ್. ಹೋದ ಹಂಗಾಮಿನಲ್ಲಿ ಇದೇ ಕೈ ಹಿಡಿಯಿತು. ಕಾಕಾನ ಪಂಪ್ ತಂದಿಟ್ಟರು. ಬ್ಯಾಟರಿಗೆ ಮೀಟರ್ ಹಿಡಿದರೆ 12.6 ವೋಲ್ಟ್. ಸ್ವಿಚ್ ಒತ್ತಿದೆ, ಅಷ್ಟೇ ಇತ್ತು. ವೈರೆಲ್ಲ ಸರಿಯಿದ್ದು ಬ್ಯಾಟರಿಯಷ್ಟೇ ಸತ್ತಿದ್ದರೆ ಒತ್ತಿದ ಕೂಡಲೇ ಸರ್ರನೆ ಇಳಿಯಬೇಕಿತ್ತು. ಮೋಟರಿನ ಹತ್ತಿರ ಸೊನ್ನೆ. ಅಂದರೆ ತಪ್ಪು ನಡುವೆ ಎಲ್ಲೋ ಇದೆ. ಸ್ವಿಚ್ ಬಿಚ್ಚಿ ನೋಡಿದರೆ ಕೆಂಪು ವೈರಿನ ಬುಡಕ್ಕೆ ಹಸಿರು ಪುಡಿ ಹಿಡಿದು ಬೆಸುಗೆ ಬಿಟ್ಟಿತ್ತು. ಕರೆಂಟ್ ಇಲ್ಲ, ಪವರ್ ಬ್ಯಾಂಕ್ ಖಾಲಿ. ಪಂಪಿನ ಬ್ಯಾಟರಿಯನ್ನೇ ಬಿಚ್ಚಿ ಕ್ಲಿಪ್ ಸಿಕ್ಕಿಸಿ ಐರನ್ ಕಾಯಿಸಿದೆ. ವೈರನ್ನು ತಾಮ್ರ ಹೊಳೆಯುವವರೆಗೆ ಬ್ಲೇಡಿನಿಂದ ಕೆರೆದು, ಫ್ಲಕ್ಸ್ ಸವರಿ, ಮೊದಲು ವೈರಿಗೆ, ಆಮೇಲೆ ಸ್ವಿಚ್ಚಿನ ಕಾಲಿಗೆ ಬೆಸುಗೆ ಕುಡಿಸಿ ಎರಡನ್ನೂ ಕೂಡಿಸಿದೆ. ಹೀಟ್ ಶ್ರಿಂಕ್ ಮೊದಲೇ ವೈರಿಗೆ ಪೋಣಿಸಿಡುವುದನ್ನು ಮರೆಯಬೇಡಿ. ಬ್ಯಾಟರಿ ಮತ್ತೆ ಜೋಡಿಸಿದ್ದೇ ಪಂಪ್ ಗುರ್ ಎಂದಿತು. ಕಾಕಾ ಚಹಾ ಕುಡಿಯಲೂ ನಿಲ್ಲದೆ ಹೊಲಕ್ಕೆ ಹೋದರು.

ಬಿಡಿ ಲಿಥಿಯಂ ಸೆಲ್ ಸ್ಟೀಲ್ ಡಬ್ಬಿಯಲ್ಲಿ ಹಾಕಬೇಡಿ, ಶಾರ್ಟ್ ಆಗುತ್ತದೆ. ನಮ್ಮ ಕಡೆ ಮೇ ತಿಂಗಳ ಬಿಸಿಲು 42 ಡಿಗ್ರಿ ದಾಟುತ್ತದೆ. ಪವರ್ ಬ್ಯಾಂಕನ್ನು ಬೈಕಿನ ಪೆಟ್ಟಿಗೆಯಲ್ಲಿ ಬಿಡಬೇಡಿ. ಟಿವಿ, ಇನ್ವರ್ಟರ್ ತಂದರೆ ನಾನು ಬಿಚ್ಚುವುದಿಲ್ಲ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಹೊಡೆಯುವಷ್ಟು ಕರೆಂಟ್ ಉಳಿದಿರಬಹುದು.

ಮುಚ್ಚಳದೊಳಗೆ ಒಂದು ಚೀಟಿ ಅಂಟಿಸಿದ್ದೇನೆ. ಕೆಲಸದ ನಡುವೆ ಹುಡುಕಿ ಸಿಗದ ವಸ್ತುವನ್ನು ವಾಪಸ್ ಬರುವ ಬಸ್ಸಿನಲ್ಲೇ ಅದರಲ್ಲಿ ಬರೆಯುತ್ತೇನೆ. ಮೂರು ಸಲ ಮುಟ್ಟದ ಸಾಮಾನು ಮನೆಯಲ್ಲೇ ಉಳಿಯುತ್ತದೆ. ಈಗ ಚೀಟಿಯಲ್ಲಿ ಎರಡು ಸಾಲಿವೆ: ತಲೆಗೆ ಕಟ್ಟುವ ಟಾರ್ಚ್, 5 ಆಂಪಿಯರ್ ಫ್ಯೂಸ್ ಇನ್ನೆರಡು.