ಮೂಲೆಯಲ್ಲಿ ಕೂತ ತಂಗಿಯನ್ನು ಕೇಳಿದೆ

ಸಮಾಜಕಾರ್ಯ ಓದಿ, ಕುಟುಂಬಗಳಿಗೆ ಆಪ್ತಸಲಹೆ ಕೊಡುವ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಜಡ್ಜ್ ಥರ ಕೂರುತ್ತಿದ್ದೆ. ಗಂಡ ಒಂದು ಹೇಳುವುದು, ಹೆಂಡತಿ ಇನ್ನೊಂದು ಹೇಳುವುದು, ಯಾರದ್ದು ಸರಿ ಅಂತ ನಾನು ಮನಸ್ಸಲ್ಲೇ ಲೆಕ್ಕ ಹಾಕುವುದು. ಯಾರ ಕಡೆ ವಾಲಿದರೂ ಇನ್ನೊಬ್ಬರು ಮುಂದಿನ ಸಲ ಬರುತ್ತಿರಲಿಲ್ಲ. ಅವರಿಗೇ ಆಸಕ್ತಿ ಇಲ್ಲ ಅಂದುಕೊಂಡಿದ್ದೆ! ಕೊನೆಗೆ ನನಗೆ ಕಲಿಸುತ್ತಿದ್ದ ಹಿರಿಯರು ಒಂದು ಸೆಷನ್ನಿನ ರೆಕಾರ್ಡಿಂಗ್ ಕೇಳಿ, "ಐವತ್ತು ನಿಮಿಷದಲ್ಲಿ ಮೂವತ್ತು ನಿಮಿಷ ನಿನ್ನದೇ ಮಾತು ಕಣಮ್ಮಾ" ಅಂದರು.

ಆಮೇಲೆ ಜೀನೋಗ್ರಾಮ್ ಹಿಡಿದುಕೊಂಡೆ. ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ ಅವರ ವಿಚಾರಗಳಿಂದ ಬೆಳೆದ ಕುಟುಂಬದ ನಕ್ಷೆ ಅದು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಜಗಳಕ್ಕೆ ಅಂಕುಡೊಂಕು ಗೆರೆ, ಮೂರು ತಲೆಮಾರು. ಪೆನ್ಸಿಲ್‌ನಲ್ಲೇ ಬರೆಯಿರಿ, ಯಾಕಂದ್ರೆ ಎರಡನೇ ಭೇಟಿಯಲ್ಲಿ "ಅಯ್ಯೋ, ಇನ್ನೊಬ್ಬ ಅಣ್ಣ ಇದ್ದ" ಅಂತ ಯಾರಿಗೋ ನೆನಪಾಗುತ್ತದೆ. ಬರೆಯುವಾಗ ಎಲ್ಲರೂ ಒಬ್ಬರನ್ನೊಬ್ಬರು ದುರುಗುಟ್ಟುವುದು ಬಿಟ್ಟು ಹಾಳೆ ನೋಡುತ್ತಾರೆ. ನನಗೆ ಅಷ್ಟೇ ಬೇಕಾಗಿದ್ದು.

ಹಾಗಂತ ಎಲ್ಲದಕ್ಕೂ ನಕ್ಷೆ ಬೇಕಿಲ್ಲ. ಒಂದು ಜೋಡಿಯ ಜೊತೆ ಮೂರು ಭೇಟಿ ಬರೀ ಮಾತುಕತೆ ಹೇಗಿರಬೇಕು ಅಂತ ಕಳೆದೆ. ಕೆಲಸ ಹೋಗಿ ಮನೆ ಬಾಡಿಗೆ ಬಾಕಿ ಬಿದ್ದಿದೆ ಅಂತ ಗೊತ್ತಾದದ್ದು ನಾಲ್ಕನೆಯದರಲ್ಲಿ. ಅವತ್ತು ಥೆರಪಿ ಪಕ್ಕಕ್ಕಿಟ್ಟು ಸಹಾಯಧನದ ಅರ್ಜಿ ತುಂಬಿಸಿದೆ. ಕುಟುಂಬ ಥೆರಪಿಯಲ್ಲಿ ದೊಡ್ಡ ಹೆಸರಾದ ವರ್ಜೀನಿಯಾ ಸಟೀರ್, ಮೈಕೆಲ್ ವೈಟ್ ಇಬ್ಬರೂ ಸಮಾಜಕಾರ್ಯದಿಂದಲೇ ಬಂದವರು, ಅರ್ಜಿ ತುಂಬುವುದು ಕೀಳು ಕೆಲಸ ಅನ್ನುವವರಿಗೆ ಇದನ್ನು ನೆನಪಿಸುತ್ತಿರುತ್ತೇನೆ.

ನನ್ನ ಕೆಲಸ ನಿಜವಾಗಿ ಬದಲಾದದ್ದು ಸುತ್ತುಪ್ರಶ್ನೆಯಿಂದ. ಇಟಲಿಯ ಮಿಲಾನ್‌ನಲ್ಲಿ ಕುಟುಂಬ ಥೆರಪಿ ಮಾಡುತ್ತಿದ್ದ ತಂಡವೊಂದು 1980ರಲ್ಲಿ ಬರೆದು ವಿವರಿಸಿದ ದಾರಿ. ಅಪ್ಪನನ್ನೇ "ನಿಮಗೆ ಯಾಕೆ ಸಿಟ್ಟು?" ಅಂತ ಕೇಳಿದರೆ ದೂರಿನ ಪಟ್ಟಿ ಬರುತ್ತದೆ, ಅಲ್ವಾ? ಅದರ ಬದಲು ಮೂರನೆಯವರನ್ನು ಕೇಳಬೇಕು. ಹದಿನಾಲ್ಕು ವರ್ಷದ ಹುಡುಗ ಶಾಲೆಗೆ ಹೋಗುತ್ತಿಲ್ಲ ಅಂತ ಒಂದು ಕುಟುಂಬ ಬಂದಿತ್ತು (ಗುರುತು ಸಿಗದಂತೆ ವಿವರ ಬದಲಾಯಿಸಿದ್ದೇನೆ). ಎಲ್ಲರೂ ಹುಡುಗನ ಮೇಲೆ ಬಿದ್ದಿದ್ದರು. ಮೂಲೆಯಲ್ಲಿ ಸುಮ್ನೆ ಕೂತಿದ್ದ ತಂಗಿಯನ್ನು ಕೇಳಿದೆ, "ಅಣ್ಣ ಶಾಲೆಗೆ ಹೋದ ದಿನ ಮನೇಲಿ ಏನು ಬೇರೆ ಇರುತ್ತೆ ಪುಟ್ಟಾ?" ಅವಳು ತಡಮಾಡಲಿಲ್ಲ. "ಅಣ್ಣ ಮನೇಲಿದ್ರೆ ಅಪ್ಪ ಅಮ್ಮ ಅವನಿಗೆ ಬೈತಾರೆ. ಇಲ್ಲಾಂದ್ರೆ ಅವರವರೇ ಬೈಕೋತಾರೆ."

ಇಬ್ಬರ ನಡುವಿನ ಒತ್ತಡ ಜಾಸ್ತಿಯಾದರೆ ಮೂರನೆಯವರನ್ನು ಎಳೆದುಕೊಳ್ಳುತ್ತಾರೆ, ಇಲ್ಲಿ ಎಳೆದುಕೊಂಡದ್ದು ಹುಡುಗನನ್ನು. ಬೋವೆನ್ ಇದನ್ನೇ ತ್ರಿಕೋನ ಅಂದದ್ದು, ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಆದರೆ ಎಚ್ಚರ: ಮಗುವನ್ನು ಸಾಕ್ಷಿ ಕಟ್ಟೆಗೆ ಹತ್ತಿಸಬಾರದು. ಮನೆಯಲ್ಲಿ ಹೊಡೆತ ಇದೆ ಅನ್ನಿಸಿದರೆ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಇಂಥ ಪ್ರಶ್ನೆ ಕೇಳಲೇಬೇಡಿ, ಮಗು ಹೇಳಿದ ಮಾತಿಗೆ ಮನೆಗೆ ಹೋದ ಮೇಲೆ ಪೆಟ್ಟು ತಿನ್ನಬಹುದು. ಅದಕ್ಕೇ ನಾನು ಮೊದಲ ಭೇಟಿಯಲ್ಲೇ ಪ್ರತಿಯೊಬ್ಬರ ಜೊತೆ ಬೇರೆಬೇರೆಯಾಗಿ ಸ್ವಲ್ಪ ಹೊತ್ತು ಮಾತಾಡುತ್ತೇನೆ.

ಆ ಅಪ್ಪ ಅಮ್ಮನಿಗೆ ಮುಂದಿನ ಸಲದಿಂದ ಒಳಗೆ ಇಬ್ಬರೇ ಬನ್ನಿ ಅಂದೆ. ಜಗಳ ನಿಂತಿತು ಅಂತ ಹೇಳಲಾರೆ. ಹುಡುಗ ವಾರಕ್ಕೆ ಎರಡು ದಿನ ಶಾಲೆಗೆ ಹೋದ, ಆಮೇಲೆ ನಾಲ್ಕು. ತಂಗಿ ಮಾತ್ರ ಹೊರಗಿನ ಬೆಂಚಿನಲ್ಲಿ ಮುಖ ಊದಿಸಿಕೊಂಡು ಕೂತಿರುತ್ತಿದ್ದಳು, "ನನ್ನನ್ನ ಯಾಕೆ ಈಗ ಏನೂ ಕೇಳಲ್ಲ?" ಅಂತ.